ಕ್ಲಿಪ್ ಬಿಚ್ಚಿದ ದಿನ ಯಾರೂ ಕೇಳಿಸಿಕೊಳ್ಳದ ಮಾತು

ಹಲ್ಲಿನ ಕ್ಲಿಪ್ (ಬ್ರೇಸಸ್) ಬಿಚ್ಚಿದ ಮೇಲೆ ಹಲ್ಲು ಜರುಗದಂತೆ ಹಾಕಿಕೊಳ್ಳುವ ರಿಟೇನರಿನ ಡಬ್ಬಿಯನ್ನು ಮೇಜಿನ ಮೇಲೆ ಇಟ್ಟ ಕೂಡಲೇ ನನಗೆ ಅರ್ಧ ವಿಷಯ ತಿಳಿದುಬಿಡುತ್ತದೆ. ಮುಚ್ಚಳದ ತುಂಬ ಗೀರು ಬಿದ್ದು, ಮೂಲೆ ಸವೆದಿದ್ದರೆ ನಿಶ್ಚಿಂತೆ. ಕೊಟ್ಟ ದಿನದಷ್ಟೇ ಹೊಳೆಯುತ್ತಿದ್ದರೆ, ಎದುರು ಕುಳಿತ ಹದಿನೈದರ ಹುಡುಗ ‘ದಿನಾ ರಾತ್ರಿ ಹಾಕಿಕೊಳ್ಳುತ್ತೇನೆ ಡಾಕ್ಟರೇ’ ಎಂದು ಎಷ್ಟು ಆಣೆ ಇಟ್ಟರೂ ಪ್ರಯೋಜನವಿಲ್ಲ. ಬಾಯಿ ತೆರೆಸಿದರೆ ಕೆಳಗಿನ ಬಾಚಿಹಲ್ಲೊಂದು ಆಗಲೇ ಭುಜ ತಿರುಗಿಸಿಕೊಂಡು ನಿಂತಿರುತ್ತದೆ.

ಚಿಕಿತ್ಸೆ ಶುರುವಾಗುವ ಮುನ್ನ ತಂದೆತಾಯಿಯರ ಪ್ರಶ್ನೆಗಳಿಗೆ ಕೊನೆಯಿಲ್ಲ. ಲೋಹದ ಬ್ರೇಸಸ್ಸೋ, ಹಲ್ಲಿನ ಬಣ್ಣದ ಸೆರಾಮಿಕ್ಕೋ, ಹಲ್ಲಿನ ಹಿಂಬದಿಗೆ ಅಂಟಿಸುವಂಥದೋ, ಕಳಚಿ ಹಾಕಬಹುದಾದ ಪಾರದರ್ಶಕ ಅಲೈನರೋ? ಇದರ ಮೇಲೆಯೇ ಅರ್ಧ ಗಂಟೆ ಕಳೆಯುತ್ತದೆ. ಹಲ್ಲಿನ ಸಮಸ್ಯೆ ಏನು, ಮಗುವಿನ ಸ್ವಭಾವ ಏನು ಎಂಬೆರಡನ್ನು ನೋಡಿ ನಾನು ಉತ್ತರ ಹೇಳುತ್ತೇನೆ. ಅಲೈನರ್ ದಿನಕ್ಕೆ 20ರಿಂದ 22 ಗಂಟೆ ಬಾಯಲ್ಲಿರಬೇಕು. ವಾರಕ್ಕೊಂದು ಪೆನ್ಸಿಲ್ ಡಬ್ಬಿ ಕಳೆಯುವ ಮಗುವಿಗೆ ಅಂಟಿಸಿದ ಬ್ರೇಸಸ್ಸೇ ಕ್ಷೇಮ. ಹಲ್ಲುಜ್ಜಲು ಬೇಸರಪಡುವ ಮಗುವಿಗೆ ಸದ್ಯಕ್ಕೆ ಯಾವುದೂ ಬೇಡ. ತಂತಿ ಹಿಡಿಯಲು ಹಲ್ಲಿಗೆ ಅಂಟಿಸಿದ ಬ್ರಾಕೆಟ್ಟಿನ ಸುತ್ತ ಕೊಳೆ ನಿಂತು ಹಲ್ಲಿನ ಮೇಲೆ ಬಿಳಿ ಮಚ್ಚೆ ಮೂಡಿದರೆ, ಹಲ್ಲು ಸಾಲಿಗೆ ಬಂದರೂ ಮಚ್ಚೆ ಉಳಿಯುತ್ತದೆ.

ಯಾವುದನ್ನೇ ಆರಿಸಿಕೊಳ್ಳಿ, ಕೊನೆಯಲ್ಲಿ ರಿಟೇನರ್ ತಪ್ಪಿದ್ದಲ್ಲ. ಇದನ್ನು ಮೊದಲ ಭೇಟಿಯಲ್ಲೇ ಹೇಳುತ್ತೇನೆ. ಎಲ್ಲರೂ ತಲೆಯಾಡಿಸುತ್ತಾರೆ. ಕ್ಲಿಪ್ ಬಿಚ್ಚುವ ದಿನ ಮತ್ತೆ ಹೇಳುತ್ತೇನೆ. ಅಂದು ಮಗು ನುಣುಪಾದ ಹಲ್ಲನ್ನು ನಾಲಿಗೆಯಿಂದ ಸವರಿ ಸವರಿ ನೋಡುತ್ತಿರುತ್ತದೆ, ತಾಯಿ ಮೊಬೈಲಿನಲ್ಲಿ ಫೋಟೊ ತೆಗೆಯುತ್ತಿರುತ್ತಾರೆ, ತಂದೆ ‘ಅಂತೂ ಮುಗಿಯಿತಲ್ಲ’ ಎನ್ನುತ್ತಾರೆ. ಮುಗಿದಿಲ್ಲ ಸ್ವಾಮಿ, ಹಲ್ಲನ್ನು ಸರಿಸಿದ್ದಷ್ಟೇ ಮುಗಿದಿದೆ.

ಹಲ್ಲು ಗೋಡೆಗೆ ಹೊಡೆದ ಮೊಳೆಯಲ್ಲ. ಬೇರಿಗೂ ಮೂಳೆಗೂ ನಡುವೆ ಸುಮಾರು ಕಾಲು ಮಿಲಿಮೀಟರಿನಷ್ಟು ಸಂದು ಇರುತ್ತದೆ, ಆ ಸಂದಿನ ತುಂಬ ಸಣ್ಣ ಸಣ್ಣ ನಾರುಗಳು. ಹಲ್ಲು ಈ ನಾರುಗಳ ಜೋಲಿಯಲ್ಲಿ ತೂಗಿಕೊಂಡಿರುತ್ತದೆ. ತಂತಿ ಒಂದು ಕಡೆಗೆ ಹದವಾಗಿ ಒತ್ತಿದಾಗ ಒತ್ತಿದ ಬದಿಯ ಮೂಳೆ ಕರಗುತ್ತದೆ, ಬಿಟ್ಟ ಬದಿಯಲ್ಲಿ ಹೊಸ ಮೂಳೆ ಕಟ್ಟುತ್ತದೆ. ತಿಂಗಳಿಗೆ ಹೆಚ್ಚುಕಡಿಮೆ ಒಂದು ಮಿಲಿಮೀಟರಿನಂತೆ ಹಲ್ಲು ಸಾಗುತ್ತದೆ. ಇಷ್ಟನ್ನು ಎಲ್ಲರೂ ಬೇಗ ಒಪ್ಪುತ್ತಾರೆ.

ಒಪ್ಪದಿರುವುದು ಮುಂದಿನದನ್ನು. ತಂತಿ ಬಿಚ್ಚಿದ ದಿನ ಹಲ್ಲು ಹೊಸ ಜಾಗದಲ್ಲಿದ್ದರೂ ನಾರುಗಳು ಹಳೆಯ ಜಾಗವನ್ನು ಮರೆತಿರುವುದಿಲ್ಲ. ಬೇರಿನ ಸುತ್ತಲಿನ ನಾರುಗಳು ಹೊಸದಾಗಿ ಹೆಣೆದುಕೊಳ್ಳಲು ಮೂರು ನಾಲ್ಕು ತಿಂಗಳು ಬೇಕು. ಒಸಡಿನೊಳಗೆ ಹಲ್ಲಿನ ಕುತ್ತಿಗೆಗೆ ಸುತ್ತಿಕೊಂಡಿರುವ ನಾರುಗಳು ಇನ್ನೂ ಹಟಮಾರಿ. ರಬ್ಬರಿನ ಗುಣವಿರುವ ಅವು ಪಟ್ಟು ಸಡಿಲಿಸಲು ಒಂದು ವರ್ಷವೂ ಹಿಡಿಯಬಹುದು. ತಿರುಚಿಕೊಂಡಿದ್ದ ಹಲ್ಲನ್ನು ನೇರ ಮಾಡಿದ್ದರೆ, ಮುಂದಿನ ಎರಡು ಹಲ್ಲುಗಳ ನಡುವಿನ ಸಂದು ಮುಚ್ಚಿದ್ದರೆ, ಅಲ್ಲಿ ಈ ಎಳೆತ ಜಾಸ್ತಿ. ಕಿತ್ತು ನೆಟ್ಟ ಸಸಿಗೆ ಬೇರು ಹಿಡಿಯುವ ತನಕ ಊರುಗೋಲು ಕೊಡುತ್ತೇವಲ್ಲ, ರಿಟೇನರ್ ಅಂಥದ್ದೇ. ಅದು ಹಲ್ಲನ್ನು ಸರಿಸಲು ಇರುವ ಉಪಕರಣವಲ್ಲ, ಇದ್ದಲ್ಲೇ ಹಿಡಿದಿಡಲು ಇರುವುದು. ‘ಹಲ್ಲು ನೇರವಾಗಿಯೇ ಇದೆಯಲ್ಲ, ಮತ್ತೇಕೆ ಹಾಕಬೇಕು?’ ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟೇ: ನೇರವಾಗಿರುವುದರಿಂದಲೇ ಹಾಕಬೇಕು.

ಇದೇ ತಪ್ಪು ಲೆಕ್ಕಾಚಾರ ಚಿಕ್ಕ ಮಕ್ಕಳಲ್ಲಿ ಬೇರೆ ವೇಷದಲ್ಲಿ ಬರುತ್ತದೆ. ಮೇಲ್ದವಡೆ ಕಿರಿದಾಗಿದ್ದರೆ ಅಂಗುಳಿಗೆ ಒಂದು ಸ್ಕ್ರೂ ಇರುವ ಉಪಕರಣ ಕೂರಿಸುತ್ತೇವೆ. ತಾಯಿಯೋ ತಂದೆಯೋ ಮನೆಯಲ್ಲಿ ಪುಟ್ಟ ಕೀಲಿಯಿಂದ ಅದನ್ನು ತಿರುಗಿಸಬೇಕು. ಒಂದು ತಿರುವಿಗೆ ಸಾಮಾನ್ಯವಾಗಿ ಕಾಲು ಮಿಲಿಮೀಟರ್. ಅಂಗುಳಿನ ನಡುವಿನ ಮೂಳೆಯ ಹೊಲಿಗೆ ಬಿಡುತ್ತಿದ್ದಂತೆ ಮುಂದಿನ ಹಲ್ಲುಗಳ ನಡುವೆ ಸಂದು ಕಾಣುತ್ತದೆ. ಹಾಗಾಗುತ್ತದೆ ಎಂದು ಮೊದಲೇ ಹೇಳಿದ್ದರೂ ಒಬ್ಬ ತಾಯಿ ರಾತ್ರಿ ಹತ್ತೂವರೆಗೆ ಫೋನ್ ಮಾಡಿ ಅತ್ತಿದ್ದರು. ಆ ಸಂದು ಕೆಲವೇ ವಾರಗಳಲ್ಲಿ ತಾನಾಗಿ ಮುಚ್ಚತೊಡಗಿತು. ಮುಂದಿನ ಭೇಟಿಯಲ್ಲಿ ಅದೇ ತಾಯಿ ‘ತಿರುಗಿಸುವುದು ನಿಂತು ತಿಂಗಳಾಯಿತು, ಸುಮ್ಮನೆ ಬಾಯಲ್ಲಿ ಯಾಕೆ ಇರಬೇಕು, ತೆಗೆದುಬಿಡಿ’ ಎಂದರು. ಸುಮ್ಮನೆ ಇದ್ದಂತೆ ಕಾಣುವ ಆ ತಿಂಗಳುಗಳಲ್ಲೇ ಬಿಟ್ಟ ಹೊಲಿಗೆಯಲ್ಲಿ ಹೊಸ ಮೂಳೆ ತುಂಬುವುದು ಎಂದು ಒಂದು ಚಿತ್ರ ಬರೆದು ತೋರಿಸಿದೆ. ಚಿತ್ರವನ್ನು ಮಡಿಚಿ ಚೀಲದಲ್ಲಿಟ್ಟುಕೊಂಡರು. ಅಜ್ಜಿಗೂ ತೋರಿಸಬೇಕಂತೆ, ಮನೆಯಲ್ಲಿ ಕೇಳುವವರು ಅವರೇ.

ಎಷ್ಟು ದಿನ ಹಾಕಬೇಕು? ನಾನು ಮೊದಲ ಕೆಲವು ತಿಂಗಳು ಊಟ ಮತ್ತು ಹಲ್ಲುಜ್ಜುವ ಹೊತ್ತು ಬಿಟ್ಟು ಇಡೀ ದಿನ, ಆಮೇಲೆ ರಾತ್ರಿ ಮಾತ್ರ ಎನ್ನುತ್ತೇನೆ. ಮೊದಲಿನಿಂದಲೇ ರಾತ್ರಿ ಸಾಕು ಎನ್ನುವ ವೈದ್ಯರೂ ಇದ್ದಾರೆ, ಅವರ ಬಳಿಯೂ ಕಾರಣಗಳಿವೆ. ನಿಮ್ಮ ಮಗುವಿನ ಹಲ್ಲು ನೋಡಿದವರ ಮಾತೇ ನಿಮಗೆ ಲೆಕ್ಕ, ನನ್ನ ಅಂಕಣವಲ್ಲ. ‘ರಾತ್ರಿ’ ಎಂಬುದು ಎಷ್ಟು ವರ್ಷ ಎಂದರೆ, ಹಲ್ಲು ನೇರವಾಗಿಯೇ ಇರಬೇಕು ಎನಿಸುವಷ್ಟು ವರ್ಷ. ಕ್ಲಿಪ್ಪನ್ನೇ ಹಾಕಿಸದವರಲ್ಲೂ ವಯಸ್ಸಾದಂತೆ ಕೆಳಗಿನ ಮುಂಭಾಗದ ಹಲ್ಲುಗಳು ಒತ್ತೊತ್ತಾಗುತ್ತವೆ. ಇದಕ್ಕೆ ಬುದ್ಧಿಹಲ್ಲನ್ನು ದೂರಿ, ಅದನ್ನು ಕೀಳಿಸಲು ಓಡಿ ಬರುವವರಿದ್ದಾರೆ. ಪಾಪ, ಆ ಆರೋಪಕ್ಕೆ ಗಟ್ಟಿ ಸಾಕ್ಷ್ಯವಿಲ್ಲ.

ರಿಟೇನರಾಗಿ ಕೆಳಹಲ್ಲುಗಳ ಹಿಂದೆ ತೆಳು ತಂತಿ ಅಂಟಿಸಿದ್ದರೆ ನೆನಪಿಡುವ ಕಾಟವಿಲ್ಲ ಎಂದುಕೊಳ್ಳಬೇಡಿ. ಒಂದು ಹಲ್ಲಿನಲ್ಲಿ ಅಂಟು ಬಿಟ್ಟರೂ ಉಳಿದವು ಹಿಡಿದಿರುವುದರಿಂದ ಗೊತ್ತೇ ಆಗುವುದಿಲ್ಲ, ಆ ಒಂದು ಹಲ್ಲು ತನ್ನ ದಾರಿ ಹಿಡಿಯುತ್ತದೆ. ಪಾರದರ್ಶಕ ರಿಟೇನರನ್ನು ಬಿಸಿನೀರಿನಲ್ಲಿ ತೊಳೆದರೆ ಸೊಟ್ಟಗಾಗುತ್ತದೆ. ಕಾಗದದ ಕರವಸ್ತ್ರದಲ್ಲಿ ಸುತ್ತಿ ಮೇಜಿನ ಮೇಲಿಟ್ಟರೆ ಕಸದ ಬುಟ್ಟಿಗೆ ಹೋಗುತ್ತದೆ. ನನ್ನಲ್ಲಿಗೆ ಬರುವ ಕಳೆದುಹೋದ ರಿಟೇನರುಗಳ ಕಥೆಯಲ್ಲಿ ಈ ಕರವಸ್ತ್ರ ಬಾರದಿರುವುದೇ ಅಪರೂಪ. ನಾಯಿ ಕಚ್ಚಿ ತಂದದ್ದೂ ಉಂಟು. ಕಳೆದರೆ ಬೈಗುಳಕ್ಕೆ ಹೆದರಿ ಮಕ್ಕಳು ಮೂರು ವಾರ ಮುಚ್ಚಿಡುತ್ತಾರೆ, ಆ ಮೂರು ವಾರವೇ ದುಬಾರಿ. ದಯವಿಟ್ಟು ಬೈಯಬೇಡಿ, ಅವತ್ತೇ ಫೋನ್ ಮಾಡಿ. ಬಹಳ ದಿನ ಬಿಟ್ಟು ಹಾಕಿದಾಗ ಕೇವಲ ಬಿಗಿ ಎನಿಸಿದರೆ ಕೆಲ ದಿನ ಹೆಚ್ಚು ಹೊತ್ತು ಹಾಕಿ ನೋಡಬಹುದು. ಪೂರ್ತಿ ಕೂರದಿದ್ದರೆ ಬಲವಂತವಾಗಿ ಒತ್ತಬೇಡಿ, ವೈದ್ಯರಿಗೆ ತೋರಿಸಿ.

ಕಳೆದ ತಿಂಗಳು ಕಾಲೇಜು ಸೇರಿರುವ ಹುಡುಗಿಯೊಬ್ಬಳು ಬಂದಿದ್ದಳು. ಕ್ಲಿಪ್ ತೆಗೆದು ನಾಲ್ಕು ವರ್ಷ. ಡಬ್ಬಿಯ ಮುಚ್ಚಳ ಮುರಿದು ರಬ್ಬರ್ ಬ್ಯಾಂಡ್ ಸುತ್ತಿತ್ತು, ಒಳಗಿನ ರಿಟೇನರ್ ಮಂಜು ಹಿಡಿದ ಗಾಜಿನಂತೆ ಮಸುಕಾಗಿತ್ತು. ‘ಪರೀಕ್ಷೆಯ ವಾರ ಬಿಟ್ಟಿದ್ದೆ, ಮೊನ್ನೆ ಹಾಕಿದರೆ ಬಿಗಿಯಾಯಿತು, ಅದಕ್ಕೇ ಬಂದೆ’ ಎಂದಳು. ನೋಡಿದೆ. ಎಲ್ಲವೂ ಇದ್ದಲ್ಲೇ ಇದ್ದವು. ಹೊಸ ರಿಟೇನರಿಗೆ ಅಳತೆ ತೆಗೆದುಕೊಂಡು, ಹಳೆಯದನ್ನು ಎಸೆಯಬೇಡ, ಹೊಸದು ಬರುವ ತನಕ ಅದನ್ನೇ ಹಾಕಿಕೋ ಎಂದೆ. ‘ಗೊತ್ತು ಡಾಕ್ಟರೇ’ ಎಂದು ರಬ್ಬರ್ ಬ್ಯಾಂಡ್ ಸುತ್ತಿಕೊಂಡು ಹೊರಟಳು.