ಬೈದಿದ್ದೆಲ್ಲ ವಿಡಂಬನೆಯಲ್ಲ

ಒಬ್ಬರ ಮೈಬಣ್ಣವನ್ನೋ ಉಚ್ಚಾರವನ್ನೋ ಜಾತಿಯನ್ನೋ ಹಿಡಿದು ಅರ್ಧ ನಿಮಿಷದ ರೀಲ್ಸ್ ಮಾಡುವುದು, ಜನ ಉಗಿದ ಮೇಲೆ ಕೆಳಗೆ ‘ಇದು ಬರೀ ವಿಡಂಬನೆ, ಸೀರಿಯಸ್ಸಾಗಿ ತಗೋಬೇಡಿ’ ಎಂದು ಸೇರಿಸುವುದು. ದಾವಣಗೆರೆ, ಚಿತ್ರದುರ್ಗದ ವಾಟ್ಸಾಪ್ ಗುಂಪುಗಳಲ್ಲಿ ಇದು ಈಗ ಮಾಮೂಲಾಗಿದೆ. ಇನ್ನೊಂದು ಕಡೆ ವರದಿಗಾರರ ಕೈಚಳಕ: ‘ವಾಣಿವಿಲಾಸ ಸಾಗರ ಕೋಡಿ ಬಿದ್ದರೂ ಪಕ್ಕದ ಹಳ್ಳಿಗೆ ಟ್ಯಾಂಕರ್ ನೀರೇ ಗತಿ, ಎಂಥ ವಿಡಂಬನೆ!’ ಮೊದಲನೆಯದು ಲೇವಡಿ, ಎರಡನೆಯದು ವಿಪರ್ಯಾಸ. ಎರಡೂ ವಿಡಂಬನೆಯಲ್ಲ.

ಸಂಸ್ಕೃತದಲ್ಲಿ ‘ವಿಡಂಬನ’ ಎಂದರೆ ಅನುಕರಣ: ಇನ್ನೊಬ್ಬರಂತೆ ನಟಿಸುವುದು, ವೇಷ ಹಾಕುವುದು. ಅಪಹಾಸ್ಯದ ಅರ್ಥವೂ ಇದೆ, ಆದರೆ ಅದು ಇಲ್ಲದೆಯೂ ಪದ ನಿಲ್ಲುತ್ತದೆ. ಭಾಗವತದ ಮೊದಲ ಸ್ಕಂಧದಲ್ಲಿ ಕುಂತಿ ಕೃಷ್ಣನನ್ನು ಸ್ತುತಿಸುವಾಗ ‘ನೃಣಾಂ ವಿಡಂಬನಂ’ ಎನ್ನುತ್ತಾಳೆ. ಅಲ್ಲಿ ಯಾರೂ ಯಾರನ್ನೂ ಗೇಲಿ ಮಾಡುತ್ತಿಲ್ಲ. ದೇವರು ಮನುಷ್ಯರಂತೆ ನಡೆದು ತೋರಿಸುತ್ತಿದ್ದಾನೆ, ಅಷ್ಟೇ. ಹಗಲುವೇಷದವರು ಬೀದಿಗೆ ಬಂದಾಗ ಮಾಡುವುದೂ ಈ ಮೂಲಾರ್ಥದ ವಿಡಂಬನವೇ. ಆ ವೇಷ ಗತ್ತು ಬಿಡದೆ ನಡೆದಷ್ಟು ಹೊತ್ತೂ ನೋಡುವವರು ನಗುತ್ತಾರೆ. ವೇಷಧಾರಿಯೇ ನಕ್ಕುಬಿಟ್ಟರೆ ಆಟ ಕೆಟ್ಟಿತು. ನಾವು ಇಂಗ್ಲಿಷಿನ ಸಟೈರ್ ಎಂಬುದಕ್ಕೆ ಈ ಪದವನ್ನು ಆರಿಸಿಕೊಂಡೆವು. ಸಟೈರಿನ ಮೂಲ ಲ್ಯಾಟಿನ್ನಿನ ‘ಸತುರ’. ತರತರದ ಹಣ್ಣು ತುಂಬಿದ ತಟ್ಟೆಗೆ ಹೇಳುತ್ತಿದ್ದ ಮಾತು ಅದು. ಗ್ರೀಕ್ ಪುರಾಣದ ಅರೆಮನುಷ್ಯ ಅರೆಮೇಕೆ ಸೇಟರ್‌ಗಳಿಂದ ಬಂದಿದ್ದೆಂದು ಇಂಗ್ಲಿಷರೇ ಬಹುಕಾಲ ತಪ್ಪು ತಿಳಿದು, ಕಾಗುಣಿತವನ್ನೂ ಅದಕ್ಕೆ ತಕ್ಕಂತೆ ತಿದ್ದಿಕೊಂಡಿದ್ದರು. ಅವರ ಪದದಲ್ಲಿ ಇಲ್ಲದ ವೇಷದ ಸುಳಿವು ನಮ್ಮದರಲ್ಲಿದೆ. ಸಿಕ್ಕ ಪದವನ್ನು ಹಾಳು ಮಾಡುವುದೇಕೆ?

ಹಿಂದಿಯಲ್ಲಿ ‘ವಿಡಂಬನಾ’ ಎಂದರೆ ವಿಪರ್ಯಾಸವೇ, ಅವರಿಗದು ಸರಿ. ಕನ್ನಡದಲ್ಲಿ ಅದಕ್ಕೆ ಬೇರೆ ಪದವಿದೆ. ವಿಪರ್ಯಾಸ ಅಂದರೆ ತಿರುವುಮುರುವು. ಅದು ತಾನಾಗಿ ಆಗುತ್ತದೆ, ಮಾಡುವವರು ಬೇಕಿಲ್ಲ. ವಿಡಂಬನೆಯನ್ನು ಯಾರಾದರೂ ಮಾಡಬೇಕು. ಹಾಗಾಗಿ ‘ವಿಧಿಯ ವಿಡಂಬನೆ’ ತಪ್ಪಲ್ಲ: ಅಲ್ಲಿ ವಿಧಿಯೇ ಆಟ ಕಟ್ಟಿದೆ. ಕೆರೆ ತುಂಬಿದೆ, ನಲ್ಲಿ ಒಣಗಿದೆ ಅನ್ನುವಾಗ ಆಟ ಕಟ್ಟಿದವರು ಯಾರು?

ಇನ್ನು ವ್ಯಂಗ್ಯ. ಇದನ್ನು ಚುಚ್ಚುಮಾತಿಗೆ ಮೀಸಲಿಟ್ಟಿದ್ದೇವೆ. ಅಲಂಕಾರಶಾಸ್ತ್ರದಲ್ಲಿ ವ್ಯಂಗ್ಯವೆಂದರೆ ಹೇಳದೆಯೇ ಹೊಳೆಯುವ ಅರ್ಥ. 9ನೇ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ಕಾವ್ಯದ ಜೀವವನ್ನೇ ಅದರಲ್ಲಿಟ್ಟ. ಶಾಸ್ತ್ರದ ಹಳೆಯ ಉದಾಹರಣೆ ‘ಸೂರ್ಯ ಮುಳುಗಿದ’ ಎಂಬ ಒಂದೇ ವಾಕ್ಯ. ಕೂಲಿಗೆ ಅದು ‘ಕೆಲಸ ಬಿಡೋಣ’, ದನಗಾಹಿಗೆ ‘ದನ ಹೊಡಕೊಂಡು ಹೋಗೋಣ’, ಕಳ್ಳನಿಗೆ ‘ಹೊತ್ತಾಯಿತು’. ಇದರಲ್ಲಿ ಕಟಕಿ ಎಲ್ಲಿದೆ? ವಿಡಂಬನೆ ವ್ಯಂಗ್ಯವನ್ನು ಬಳಸಿಕೊಳ್ಳುತ್ತದೆ, ಅದೇ ವ್ಯಂಗ್ಯವಲ್ಲ.

ಅಣಕ ಇನ್ನೂ ತಟಸ್ಥ. ಅಗ್ನಿಶಾಮಕ ದಳದವರು ಅಣಕು ಪ್ರದರ್ಶನ ಮಾಡುತ್ತಾರೆ. ಅದರಲ್ಲಿ ಯಾರ ಮೇಲೂ ಕೊಂಕಿಲ್ಲ. ದಾವಣಗೆರೆಯ ಜಯದೇವ ವೃತ್ತದಲ್ಲಿ ಹದಗೆಟ್ಟ ರಸ್ತೆಗಾಗಿ ಪ್ರತಿಭಟನೆಯವರು ಚಟ್ಟ ಕಟ್ಟಿ ಅಣಕು ಶವಯಾತ್ರೆ ಮಾಡಿದರೆ ಅದೂ ಅಣಕವೇ, ಅರ್ಧ ದಾರಿ ಬಂದ ವಿಡಂಬನೆ. ದಾರಿಯುದ್ದಕ್ಕೂ ಧಿಕ್ಕಾರ ಕೂಗಿದರೆ ಅಲ್ಲಿಗೇ ನಿಲ್ಲುತ್ತದೆ. ಕೂಗದೆ, ಸತ್ತ ರಸ್ತೆಯ ಹೆಸರಲ್ಲಿ ‘ದಿವಂಗತರ ಆತ್ಮಶಾಂತಿಗಾಗಿ’ ಎಂದು ತಿಥಿ ಕಾರ್ಡು ಅಚ್ಚು ಹಾಕಿಸಿ ಮನೆಮನೆಗೆ ಹಂಚಿದರೆ ಉಳಿದರ್ಧವೂ ಸಿಕ್ಕಿತು.

ಒಂದೇ ರಸ್ತೆಗುಂಡಿಯನ್ನು ಮೂರು ಬಗೆಯಲ್ಲಿ ನೋಡಿ. ‘ಈ ಗುತ್ತಿಗೆದಾರ ಕಳ್ಳ’: ಬೈಗುಳ. ‘ರಸ್ತೆ ಚೆನ್ನಾಗೈತಿ ಬಿಡಪ್ಪ, ಒಂದು ರೌಂಡ್ ಹೋಗಿ ಬಂದ್ರೆ ತಿಂದಿದ್ದೆಲ್ಲ ಕರಗ್ತತಿ’: ಕಟಕಿ. ವಿಡಂಬನೆಗೆ ಚೌಕಟ್ಟು ಬೇಕು. ಶಾಲು, ಹಾರ, ಫಲತಾಂಬೂಲದ ಜೊತೆ ಆ ಗುಂಡಿಗೇ ಕೊಡುವ ಸನ್ಮಾನಪತ್ರ ತೆಗೆದುಕೊಳ್ಳಿ:

‘ಸನ್ಮಾನ್ಯರೇ, ಅಂಗೈಯಗಲದ ಬಡ ಕುಟುಂಬದಲ್ಲಿ ಜನಿಸಿದ ತಾವು ಸ್ವಪ್ರಯತ್ನದಿಂದ ಬೆಳೆದು ಇಂದು ಇಡೀ ರಸ್ತೆಯನ್ನು ವ್ಯಾಪಿಸಿದ್ದೀರಿ. ಮೂರು ಬಾರಿ ತೇಪೆ ಹಾಕಿದರೂ ಧೃತಿಗೆಡದೆ ಮೊದಲ ಮಳೆಗೇ ಮತ್ತೆ ಜನಸೇವೆಗೆ ಮರಳಿದ್ದೀರಿ. ಜಾತಿ ಮತ ಭೇದವಿಲ್ಲದೆ ಸರ್ವರನ್ನೂ ಸಮಾನವಾಗಿ ಬೀಳಿಸಿದ ತಮಗೆ…’

ಹೀಗೆ ಹೊಗಳುವಂತೆ ತೆಗಳುವುದನ್ನು ಆಲಂಕಾರಿಕರು ವ್ಯಾಜಸ್ತುತಿ ಎಂದು ಕರೆದಿದ್ದರು. ಇಲ್ಲಿ ಕೆಲಸ ಮಾಡುತ್ತಿರುವುದು ‘ಸ್ವಪ್ರಯತ್ನದಿಂದ’, ‘ಧೃತಿಗೆಡದೆ’ ಎಂಬ ಸವೆದ ಸಭಾಮಾತುಗಳು. ಅವನ್ನು ತಿದ್ದಬಾರದು, ಇದ್ದ ಹಾಗೇ ಇಡಬೇಕು. ಆಗ ಪೆಟ್ಟು ಗುಂಡಿಗೆ ಒಂದು, ಯೋಗ್ಯತೆ ನೋಡದೆ ಸನ್ಮಾನ ಹಂಚುವ ನಮ್ಮ ಚಟಕ್ಕೆ ಒಂದು. ಹಾಗೆಯೇ ಒಂದಾದರೂ ಅಪ್ಪಟ ನಿಜ ಇರಬೇಕು. ಇಲ್ಲಿ ಅದು ಮೂರು ತೇಪೆ. ಎಲ್ಲವೂ ಉತ್ಪ್ರೇಕ್ಷೆಯಾದರೆ ಓದುಗನಿಗೆ ಕಾಲೂರಲು ನೆಲವಿಲ್ಲ. ಕೆಡುವುದು ಸಾಮಾನ್ಯವಾಗಿ ಕೊನೆಯ ಸಾಲಿನಲ್ಲಿ. ಬರೆದವರಿಗೆ ಧೈರ್ಯ ಸಾಲದೆ ‘ಇನ್ನಾದರೂ ಅಧಿಕಾರಿಗಳು ಎಚ್ಚೆತ್ತುಕೊಳ್ಳಲಿ’ ಎಂದು ಸೇರಿಸುತ್ತಾರೆ. ವೇಷ ಅಲ್ಲೇ ಕಳಚಿತು. ನಗುವ ಎಮೋಜಿ ಹಾಕುವುದೂ ಅದೇ ತಪ್ಪು. ಉದ್ದವೂ ಶತ್ರು: ಸನ್ಮಾನಪತ್ರ ಒಂದು ಪುಟ ದಾಟಿದರೆ ನಿಜವಾದ ಸನ್ಮಾನದಷ್ಟೇ ಬೇಸರ.

ಬಸವಣ್ಣನವರ ‘ಕಲ್ಲ ನಾಗರ ಕಂಡರೆ ಹಾಲನೆರೆಯೆಂಬರು, ದಿಟದ ನಾಗರ ಕಂಡರೆ ಕೊಲ್ಲೆಂಬರಯ್ಯಾ’ ವಚನ ನಮ್ಮ ಕಡೆಯ ವೇದಿಕೆಗಳಲ್ಲಿ ಸದಾ ಕೇಳುವಂಥದು. ಅದು ವಿಡಂಬನೆಯೇ? ಬಿಗಿಯಾಗಿ ನೋಡಿದರೆ ವೇಷವಿಲ್ಲ, ಕವಿ ನೇರವಾಗಿಯೇ ಮಾತಾಡಿದ್ದಾರೆ; ಎತ್ತಿ ತೋರಿಸಿದ್ದು ವಿಪರ್ಯಾಸವನ್ನು. ಆದರೂ ಜನರ ಬಾಯಿಮಾತನ್ನೇ ‘ಎಂಬರು, ಎಂಬರು’ ಎಂದು ಆಡಿ ತೋರಿಸಿದ್ದರಿಂದ ಒಳಗೆ ಸೇರಿಸಿಕೊಳ್ಳಲು ಅಡ್ಡಿಯಿಲ್ಲ. ಮುಖ್ಯವಾಗಿ, ಏಟು ಬಿದ್ದಿರುವುದು ನಡತೆಯ ಮೇಲೆ. 11ನೇ ಶತಮಾನದ ಸಂಸ್ಕೃತ ಕವಿ ಕ್ಷೇಮೇಂದ್ರನೂ ಲಂಚಕೋರ ಕಾರಕೂನರನ್ನು ಹಿಡಿದದ್ದು ಅವರ ಲೇಖನಿ ಮಾಡುವ ಕೆಲಸಕ್ಕಾಗಿ. ಬಿಟ್ಟುಬಿಡಬಹುದಾದ ದೋಷಕ್ಕೆ ಮಾತ್ರ ವಿಡಂಬನೆ ಹತ್ತುತ್ತದೆ. ಕುಂಟನನ್ನು ನಕ್ಕರೆ ಅವನೇನು ಬಿಡಬೇಕು? ಅದಕ್ಕೆ ಕುಹಕ, ಮೂದಲಿಕೆ, ಹೀಯಾಳಿಕೆ ಎಂಬ ಪದಗಳಿವೆ, ಧಾರಾಳವಾಗಿ ಬಳಸಿ.

‘ವಿಡಂಬನೆ’ ಎಂಬ ಚೀಟಿ ಅಂಟಿಸಿದರೆ ಕೇಸು ಬೀಳದೆಂಬ ನಂಬಿಕೆಯೂ ಹರಿದಾಡುತ್ತಿದೆ. 2024ರ ಜುಲೈ 1ರಿಂದ ಮಾನಹಾನಿ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿದೆ. ಸರ್ಕಾರಿ ನೌಕರ ತನ್ನ ಕೆಲಸದಲ್ಲಿ ನಡೆದುಕೊಂಡ ರೀತಿಯ ಬಗ್ಗೆ ಸದುದ್ದೇಶದ ಅಭಿಪ್ರಾಯಕ್ಕೆ ಅಲ್ಲಿ ವಿನಾಯಿತಿ ಉಂಟು. ‘ಇದು ವಿಡಂಬನೆ’ ಎಂಬ ಶೀರ್ಷಿಕೆಗೆ ಇಲ್ಲ.