ಬರೆದಿದ್ದೇ ಬೇರೆ, ಕರೆಯುವುದೇ ಬೇರೆ

‘2 ರೂಪಾಯಿ’ ಎಂದಿದ್ದರೆ ‘ಎರಡು’ ಎಂದು ಓದುತ್ತೀರಿ. ‘2 ಮಕ್ಕಳು’ ಎಂದಿದ್ದರೆ ಬಾಯಿಗೆ ‘ಇಬ್ಬರು’ ಬರುತ್ತದೆ. ಅದೇ 2 ಹಿಂದಿಯವರಿಗೆ ‘ದೋ’. ಗುರುತು ಒಂದೇ, ದನಿ ಮೂರು. ಜಪಾನಿನ ಕಾಂಜಿ ಲಿಪಿ ಹೆಚ್ಚುಕಡಿಮೆ ಹೀಗೇ. ಗುರುತುಗಳು ಚೀನಾದಿಂದ ಬಂದವು. ಜೊತೆಗೆ ಅಲ್ಲಿನ ದನಿಯೂ ಬಂತು, ಜಪಾನಿನವರ ಸ್ವಂತ ಮಾತೂ ಅದಕ್ಕೇ ಅಂಟಿಕೊಂಡಿತು. ಬೆಟ್ಟದ ಗುರುತನ್ನು ‘ಯಮ’ ಎಂದೂ ಓದಬಹುದು, ‘ಸಾನ್’ ಎಂದೂ ಓದಬಹುದು. ಫುಜಿ ಬೆಟ್ಟದ ಹೆಸರಾದ ಫುಜಿಸಾನ್‌ನಲ್ಲಿರುವುದು ಈ ‘ಸಾನ್’. ಅದು ಜನರ ಹೆಸರಿನ ಕೊನೆಗೆ ಮರ್ಯಾದೆಗೆ ಸೇರಿಸುವ ‘ಸಾನ್’ ಅಲ್ಲ!

ಕಲಿಯುವವರು ಮನೆತನದ ಹೆಸರಿನಿಂದ ಶುರು ಮಾಡುವುದು ಒಳ್ಳೆಯದು. ‘ತನಕ’ ಎಂಬ ಹೆಸರೆಂದರೆ ಗದ್ದೆ, ನಡು. ತಿರುಗಿಸಿದರೆ ‘ನಕತ’, ನಡುಗದ್ದೆ. ‘ಯಮದ’ ಎಂದರೆ ಬೆಟ್ಟದ ಗದ್ದೆ. ‘ನಕಮುರ’ ನಡುಹಳ್ಳಿ. ನಮ್ಮ ಮಲೆನಾಡಿನ ಮನೆಗಳ ಹೆಸರಿನ ಹಾಗೇ ಇವೆ, ಅಲ್ವಾ? ಗದ್ದೆಯ ಗುರುತು ನಾಲ್ಕು ಮಡಿ ಮಾಡಿದ ಚೌಕ. ಬರೆಯಲು ಐದು ಗೆರೆ. ಚೌಕವನ್ನು ಮುಚ್ಚುವ ಕೆಳಗಿನ ಗೆರೆ ಕೊನೆಗೆ. ಅವಸರಪಟ್ಟು ಮೊದಲೇ ಮುಚ್ಚಿಬಿಟ್ಟರೆ ತಪ್ಪು.

ಕಷ್ಟ ಇರುವುದು ಇಟ್ಟ ಹೆಸರಿನಲ್ಲಿ. ‘ಹಾರು’ ಎಂಬ ಅರ್ಥದ ಒಂದೇ ಗುರುತು ಒಬ್ಬ ಹುಡುಗನಿಗೆ ‘ಶೋ’, ಇನ್ನೊಬ್ಬನಿಗೆ ‘ಕಕೇರು’. ಉಲ್ಟಾ ಕೂಡ ಆಗುತ್ತದೆ. ಯೋಕೊ ಎಂಬ ಹೆಸರನ್ನು ಹಲವು ಬಗೆಯಲ್ಲಿ ಬರೆಯಬಹುದು. ಹಾಗಾಗಿ ಫೋನಿನಲ್ಲಿ ಹೆಸರು ಹೇಳುವಾಗ ‘ಪೆಸಿಫಿಕ್ ಸಾಗರ ಎಂಬ ಪದದಲ್ಲಿ ಬರುವ ಯೋ’, ‘ಸೂರ್ಯ ಎಂಬ ಪದದಲ್ಲಿ ಬರುವ ಯೋ’ ಎಂದು ಬಿಡಿಸಿ ಹೇಳಬೇಕು. ಓದಲು ಬಾರದಿದ್ದರೆ ಕೇಳಿಬಿಡುವುದೇ ವಾಸಿ. ಜಪಾನಿನವರೂ ಕೇಳುತ್ತಾರೆ. ಅಲ್ಲಿನ ಅರ್ಜಿಗಳಲ್ಲಿ ಹೆಸರಿನ ಮೇಲೆ ಉಚ್ಚಾರ ಬರೆಯಲು ಬೇರೆ ಜಾಗವೇ ಇರುತ್ತದೆ.

ಮಗುವಿನ ಹೆಸರಿಗೆ ಯಾವ ಕಾಂಜಿ ಬಳಸಬಹುದು ಎಂಬುದಕ್ಕೆ ಸರ್ಕಾರದ ಪಟ್ಟಿ ಇದೆ. ದಿನಬಳಕೆಯ 2,136 ಗುರುತುಗಳು, ಜೊತೆಗೆ ಹೆಸರಿಗೆಂದೇ ಒಪ್ಪಿದ ಎಂಟುನೂರಕ್ಕೂ ಜಾಸ್ತಿ. ಬರೆಯುವುದಕ್ಕೆ ಇಷ್ಟೆಲ್ಲ ಕಟ್ಟಳೆ ಮಾಡಿದವರು, ಕರೆಯುವ ದನಿಯನ್ನು ಮಾತ್ರ ಕುಟುಂಬದ ದಾಖಲೆಯಲ್ಲಿ ಬರೆದುಕೊಳ್ಳುತ್ತಲೇ ಇರಲಿಲ್ಲ. ಅದಕ್ಕೆ ಕಾನೂನು ಜಾರಿಯಾಗಿದ್ದು 2025ರ ಮೇ ತಿಂಗಳಲ್ಲಿ.

ನನಗೆ ತುಂಬಾ ಇಷ್ಟವಾದ ಹೆಸರು ಅಪರೂಪದ್ದು. ಬರೆಯಲು ಒಂದೇ ಒಂದು ಅಡ್ಡಗೆರೆ ಸಾಕು, ‘ಒಂದು’ ಎಂಬ ಅಂಕಿ. ಮೊದಲ ದಿನವೇ ಬರೆದುಬಿಡಬಹುದು. ಓದುವುದು ಮಾತ್ರ ‘ನಿನೊಮಾಎ’ ಎಂದು. ಅಂದರೆ, ಎರಡಕ್ಕಿಂತ ಮುಂಚಿನದು.