ಮೇಲಿನ ಫೋಲ್ಡರಿನಿಂದ ಇಳಿದುಬರುವ ಅನುಮತಿ

ಹಲವರು ಹಂಚಿಕೊಂಡು ಬಳಸುವ ಸರ್ವರಿನಲ್ಲಿ ಲೆಕ್ಕಪತ್ರ ವಿಭಾಗದ ಕಡತವೊಂದನ್ನು ಎಲ್ಲರಿಗೂ ತೆರೆದಿರುವ ಫೋಲ್ಡರಿಗೆ ಸ್ಥಳಾಂತರಿಸಿದರೆ, ಹಲವು ವೇಳೆ ಉಳಿದವರಿಗೆ ಅದು ತೆರೆದುಕೊಳ್ಳುವುದೇ ಇಲ್ಲ. ಅದನ್ನೇ ನಕಲು ಮಾಡಿ ಇಟ್ಟರೆ ಯಾವ ತೊಂದರೆಯೂ ಇರುವುದಿಲ್ಲ. ಇದು ತಂತ್ರಾಂಶದ ದೋಷವಲ್ಲ, ಅನುಮತಿಗಳು ಇಳಿದುಬರುವ ರೀತಿಯ ನೇರ ಪರಿಣಾಮ.

1993ರಲ್ಲಿ ವಿಂಡೋಸ್ ಎನ್‌ಟಿ 3.1ರ ಜೊತೆಗೆ ಬಂದ ಎನ್‌ಟಿಎಫ್‌ಎಸ್ ಕಡತ ವ್ಯವಸ್ಥೆಯಲ್ಲಿ ಪ್ರತಿ ಕಡತಕ್ಕೂ ಪ್ರತಿ ಫೋಲ್ಡರಿಗೂ ಯಾರು ಏನು ಮಾಡಬಹುದು ಎಂದು ಹೇಳುವ ಒಂದು ಅನುಮತಿ ಪಟ್ಟಿ ಇರುತ್ತದೆ. ಕಡತವನ್ನು ತೆರೆಯುವಾಗ ವ್ಯವಸ್ಥೆಯು ಪರೀಕ್ಷಿಸುವುದು ಮುಖ್ಯವಾಗಿ ಆ ಕಡತದ ಪಟ್ಟಿಯನ್ನೇ. ಪ್ರತಿ ಸಲವೂ ಮೇಲಿನ ಫೋಲ್ಡರುಗಳನ್ನು ಒಂದೊಂದಾಗಿ ಹತ್ತಿ ಅನುಮತಿ ಕೇಳುವುದಿಲ್ಲ. ಹೊಸ ಕಡತ ಹುಟ್ಟಿದಾಗ ಮೇಲಿನ ಫೋಲ್ಡರಿನ ಅನುಮತಿಗಳು ಅದರ ಪಟ್ಟಿಗೆ ನಕಲಾಗುತ್ತವೆ ಮತ್ತು 'ಇದು ಇಳಿದುಬಂದದ್ದು' ಎಂಬ ಗುರುತನ್ನು ಪಡೆಯುತ್ತವೆ. ಇನ್‌ಹೆರಿಟೆನ್ಸ್ (ಅನುಮತಿ ಹೀಗೆ ಇಳಿದುಬರುವುದು) ಎಂದರೆ ಮೇಲಿನ ಫೋಲ್ಡರಿನೊಂದಿಗಿನ ಜೀವಂತ ಕೊಂಡಿ ಎಂದು ಭಾವಿಸುವುದರಿಂದಲೇ ಹೆಚ್ಚಿನ ಗೊಂದಲಗಳು ಹುಟ್ಟುತ್ತವೆ. ಒಂದೇ ವಾಲ್ಯೂಮಿನೊಳಗೆ (ಡಿಸ್ಕಿನ ಒಂದೇ ವಿಭಾಗದೊಳಗೆ, ಉದಾಹರಣೆಗೆ D: ಡ್ರೈವಿನೊಳಗೆ) ಸ್ಥಳಾಂತರಿಸುವಾಗ ಹೊಸ ಕಡತವೇನೂ ಹುಟ್ಟುವುದಿಲ್ಲ, ಇರುವ ಕಡತದ ವಿಳಾಸವಷ್ಟೇ ಬದಲಾಗುತ್ತದೆ. ಆದ್ದರಿಂದ ಹಳೆಯ ಪಟ್ಟಿ ಹಾಗೆಯೇ ಉಳಿಯುತ್ತದೆ.

ವಿಂಡೋಸ್ 2000ದಿಂದ ಈಚೆಗೆ, ಮೇಲಿನ ಫೋಲ್ಡರಿನ ಅನುಮತಿ ಬದಲಿಸಿದರೆ ಆ ಬದಲಾವಣೆ ತಾನಾಗಿಯೇ ಕೆಳಗಿಳಿಯುತ್ತದೆ. ಆದರೆ ಅಲ್ಲಿ ನಡೆಯುವುದೂ ನಕಲೇ: ಕೆಳಗಿನ ಒಂದೊಂದು ಕಡತವನ್ನೂ ಹುಡುಕಿ ಅದರ ಪಟ್ಟಿಯನ್ನು ಮತ್ತೆ ಬರೆಯಬೇಕು. ಲಕ್ಷಗಟ್ಟಲೆ ಕಡತಗಳಿರುವ ಕಡೆ ಇದು ದೀರ್ಘ ಕೆಲಸ; ನಡುವೆ ನಿಂತುಹೋದರೆ ಅರ್ಧ ಭಾಗ ಹೊಸ ನಿಯಮಕ್ಕೂ ಉಳಿದರ್ಧ ಹಳೆಯ ನಿಯಮಕ್ಕೂ ಒಳಪಟ್ಟಿರುತ್ತದೆ. ಇಂತಹ ಬದಲಾವಣೆಯನ್ನು ಬಳಕೆದಾರರು ಇಲ್ಲದ ವೇಳೆಯಲ್ಲಿ ಮಾಡುವುದು ಒಳ್ಳೆಯದು.

ಯಾವುದೇ ಫೋಲ್ಡರಿನಲ್ಲಿ ಇನ್‌ಹೆರಿಟೆನ್ಸನ್ನು ನಿಲ್ಲಿಸಬಹುದು. ಆಗ ವಿಂಡೋಸ್ ಎರಡು ದಾರಿಗಳನ್ನು ಮುಂದಿಡುತ್ತದೆ: ಇಳಿದುಬಂದ ಅನುಮತಿಗಳನ್ನು ಆ ಫೋಲ್ಡರಿನ ಸ್ವಂತ ಅನುಮತಿಗಳಾಗಿ ಉಳಿಸಿಕೊಳ್ಳುವುದು, ಇಲ್ಲವೇ ಅವೆಲ್ಲವನ್ನೂ ಅಳಿಸುವುದು. ಎರಡನೆಯದನ್ನು ಆತುರದಲ್ಲಿ ಆರಿಸಿದರೆ ನಿರ್ವಾಹಕರೂ ಬ್ಯಾಕಪ್ ಖಾತೆಯೂ ಪಟ್ಟಿಯಿಂದ ಹೊರಬೀಳಬಹುದು. ಮೊದಲನೆಯದರ ಅಪಾಯ ನಿಧಾನವಾದದ್ದು, ಹಾಗಾಗಿ ಹೆಚ್ಚು ಕಳವಳಕಾರಿ: ವರ್ಷಗಳ ನಂತರ ಮೇಲಿನ ಫೋಲ್ಡರಿನಲ್ಲಿ ಒಬ್ಬರ ಪ್ರವೇಶವನ್ನು ರದ್ದುಗೊಳಿಸಿದರೂ ಈ ಫೋಲ್ಡರಿನೊಳಗೆ ಅದು ಮುಂದುವರಿಯುತ್ತದೆ, ಮತ್ತು ಯಾರಾದರೂ ಹುಡುಕಿ ನೋಡುವವರೆಗೆ ಅದು ಬೆಳಕಿಗೆ ಬರುವುದಿಲ್ಲ. ನನ್ನ ದೃಷ್ಟಿಯಲ್ಲಿ, ಗೋಪ್ಯ ಫೋಲ್ಡರನ್ನು ಎಲ್ಲರಿಗೂ ತೆರೆದಿರುವ ಫೋಲ್ಡರಿನ ಆಳದಲ್ಲಿಟ್ಟು ಅಲ್ಲಿ ಇನ್‌ಹೆರಿಟೆನ್ಸ್ ನಿಲ್ಲಿಸುವುದಕ್ಕಿಂತ, ಅದನ್ನು ಮೇಲಿನ ಹಂತದಲ್ಲೇ ಪ್ರತ್ಯೇಕವಾಗಿ ಇಡುವುದು ಸರಿಯಾದ ವಿನ್ಯಾಸ.

ಇಂಥವರಿಗೆ ಪ್ರವೇಶವಿಲ್ಲ ಎಂದು ಪಟ್ಟಿಯಲ್ಲಿ ಬರೆಯುವ 'ನಿರಾಕರಣೆ' ನಿಯಮವನ್ನು ನಂಬಿ ಕುಳಿತವರಿಗೂ ಒಂದು ಮಾತು ಹೇಳಬೇಕು. ನಿರಾಕರಣೆಯೇ ಸದಾ ಗೆಲ್ಲುತ್ತದೆ ಎಂಬುದು ಪೂರ್ತಿ ನಿಜವಲ್ಲ. ಪಟ್ಟಿಯಲ್ಲಿ ಸ್ವಂತ ನಿಯಮಗಳು ಮೊದಲು, ಇಳಿದುಬಂದವು ನಂತರ ಪರಿಶೀಲನೆಗೆ ಬರುವುದರಿಂದ, ಕಡತಕ್ಕೆ ನೇರವಾಗಿ ಕೊಟ್ಟ ಅನುಮತಿಯು ಮೇಲಿನಿಂದ ಇಳಿದುಬಂದ ನಿರಾಕರಣೆಯನ್ನು ಮೀರುತ್ತದೆ.

ಲಿನಕ್ಸಿನಲ್ಲಿ ಫೋಲ್ಡರಿಗೆ ಡೀಫಾಲ್ಟ್ ಎಸಿಎಲ್ (ಒಳಗೆ ಹುಟ್ಟುವ ಕಡತಗಳಿಗಾಗಿ ಇಡುವ ಅನುಮತಿ ಪಟ್ಟಿ) ಕೊಟ್ಟರೆ ಅದು ಮುಂದೆ ಹುಟ್ಟುವ ಕಡತಗಳಿಗೆ ಮಾತ್ರ ಅನ್ವಯಿಸುತ್ತದೆ. ಇರುವ ಕಡತಗಳನ್ನು ಬದಲಿಸಲು ಬೇರೆಯೇ ಆದೇಶ ನೀಡಬೇಕು. ಇಲ್ಲಿ ಅನುಮತಿ ನಕಲಾಗುತ್ತದೆ ಎಂಬುದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ.

ಹೀಗೆ ಎಲ್ಲೆಡೆ ನಕಲಾಗುವ ಪಟ್ಟಿಯಲ್ಲಿ ವ್ಯಕ್ತಿಗಳ ಬದಲು ಗುಂಪುಗಳ ಹೆಸರಿರುವುದು ಬಹಳ ಮುಖ್ಯ. ಒಬ್ಬರು ವಿಭಾಗ ಬದಲಿಸಿದಾಗ ಗುಂಪಿನ ಸದಸ್ಯತ್ವವನ್ನು ತಿದ್ದಿದರೆ ಸಾಕು, ಯಾವ ಕಡತದ ಪಟ್ಟಿಯನ್ನೂ ಮುಟ್ಟಬೇಕಾಗಿಲ್ಲ. ಆದರೆ ವಿಂಡೋಸ್ ಗುಂಪುಗಳ ವಿವರವನ್ನು ಲಾಗಿನ್ ಆಗುವಾಗ ಸಂಗ್ರಹಿಸುವುದರಿಂದ, ಆ ವ್ಯಕ್ತಿ ಲಾಗೌಟ್ ಆಗಿ ಮತ್ತೆ ಲಾಗಿನ್ ಆದ ಮೇಲೆಯೇ ಬದಲಾವಣೆ ಜಾರಿಗೆ ಬರುತ್ತದೆ.